ಬ್ರಿಡ್ಜ್‌ನಲ್ಲಿ ಯುಎಸ್‌ಡಿಸಿ ಕಳಿಸಿದ್ರೆ ಆ ಕಡೆ ಸಿಗೋದು ನಿಜವಾಗ್ಲೂ ಯುಎಸ್‌ಡಿಸಿನಾ?

ಆಲ್ದೂರು_ಹುಡುಗ

ನಮಸ್ಕಾರ ಎಲ್ರಿಗೂ. ಆಲ್ದೂರಿನಲ್ಲಿ ಮನೆಯಿಂದಲೇ ವೆಬ್‌ಸೈಟ್ ಡಿಸೈನ್ ಕೆಲಸ ಮಾಡ್ತೀನಿ. ಹೊರದೇಶದ ಕ್ಲೈಂಟ್ ಒಬ್ರು ಯುಎಸ್‌ಡಿಸಿಯಲ್ಲಿ (ಒಂದಕ್ಕೆ ಒಂದು ಡಾಲರ್ ಅನ್ನೋ ಕ್ರಿಪ್ಟೋ ಟೋಕನ್) ಪೇಮೆಂಟ್ ಮಾಡ್ತಾರೆ, ಎಥೀರಿಯಂ ಅನ್ನೋ ಬ್ಲಾಕ್‌ಚೈನ್‌ನಲ್ಲಿರೋ ನನ್ನ ವ್ಯಾಲೆಟ್‌ಗೆ ನೇರ ಬರುತ್ತೆ. ಈಗ ನಾಲ್ಕು ಸಾವಿರದ ಮೇಲೆ ಸೇರಿದೆ. ಸುಮ್ನೆ ಯಾಕೆ ಬಿದ್ದಿರ್ಬೇಕು ಅಂತ ಹುಡುಕ್ತಿದ್ದಾಗ ಒಂದು ಹೊಸ ಚೈನ್ ಕಣ್ಣಿಗೆ ಬಿತ್ತು. ಅಲ್ಲಿನ ಪೂಲ್‌ನಲ್ಲಿ (ಜನ ಒಟ್ಟಿಗೆ ಟೋಕನ್ ಹಾಕಿಡೋ ನಿಧಿ) ಇಟ್ರೆ ವರ್ಷಕ್ಕೆ 18% ಅಂತ ತೋರಿಸ್ತಿದೆ.

ಅಲ್ಲಿಗೆ ಕಳಿಸೋಕೆ ಎರಡು ಬ್ರಿಡ್ಜ್ (ಒಂದು ಚೈನ್‌ನಿಂದ ಇನ್ನೊಂದಕ್ಕೆ ದಾಟಿಸೋ ಸೇವೆ) ಇದೆ. ಒಂದು ಆ ಚೈನ್‌ನವರದ್ದೇ, ಇನ್ನೊಂದು ಬೇರೆಯವರದ್ದು. ಎರಡರಲ್ಲೂ "ಆಡಿಟ್ ಆಗಿದೆ" ಅಂತ ದೊಡ್ಡದಾಗಿ ಹಾಕಿದ್ದಾರೆ. ಫೀಸ್‌ನಲ್ಲಿ ಅಂಥ ವ್ಯತ್ಯಾಸ ಇಲ್ಲ. ಯಾವುದ್ರಲ್ಲಿ ಕಳಿಸ್ಲಿ?

ಇನ್ನೊಂದು ಪ್ರಶ್ನೆ, ನಗಬೇಡಿ. ನಮ್ಮಲ್ಲಿ ಮಳೆ ಶುರುವಾದ್ರೆ ಕರೆಂಟು, ನೆಟ್ಟು ಎರಡೂ ಯಾವಾಗ ಹೋಗುತ್ತೆ ಹೇಳಕ್ಕಾಗಲ್ಲ. ಕಳಿಸ್ತಿರುವಾಗಲೇ ನೆಟ್ ಹೋದ್ರೆ ದುಡ್ಡು ಮಧ್ಯದಲ್ಲಿ ಸಿಕ್ಕಾಕೊಳ್ಳುತ್ತಾ?

ಹಾಸನ್_ಚೈನ್

ಗುರು, ಇಷ್ಟೊಂದು ತಲೆ ಕೆಡಿಸ್ಕೋಬೇಡ. ಯಾವುದು ಫಾಸ್ಟೋ ಅದ್ರಲ್ಲಿ ಕಳಿಸು. ನಾನು ಹಾಸನದಲ್ಲಿ ಕೂತ್ಕೊಂಡು ಆವಾಗಿಂದ ಮಾಡ್ತಿದೀನಿ, ಏನೂ ಆಗಿಲ್ಲ. ನೆಟ್ ಹೋದ್ರೂ ಏನಾಗಲ್ಲ, ಸಹಿ ಬಿದ್ದು ಟ್ರಾನ್ಸಾಕ್ಷನ್ ಚೈನಿಗೆ ಹೋದ್ಮೇಲೆ ನಿನ್ ಲ್ಯಾಪ್‌ಟಾಪ್‌ಗೂ ಅದಕ್ಕೂ ಸಂಬಂಧ ಇಲ್ಲ.

ಮೆಣಸಿನ_ಬಳ್ಳಿ

ತಮ್ಮಾ, ನನಗೆ ಈ ಚೈನು ಗೀನು ಅಷ್ಟಾಗಿ ಗೊತ್ತಿಲ್ಲ, ಮಗ ಮಾಡ್ತಾನೆ ಅಂತ ಓದ್ತಿರ್ತೀನಿ. ಒಂದೇ ಮಾತು ಕೇಳ್ತೀನಿ. 18% ಯಾರು ಕೊಡ್ತಾರೆ, ಎಲ್ಲಿಂದ ತಂದು ಕೊಡ್ತಾರೆ?

ಹಾಸನ್_ಚೈನ್

ಅಂಕಲ್, ಅದು ಇನ್ಸೆಂಟಿವ್. ಹೊಸ ಚೈನಿಗೆ ಜನ ಬರಲಿ ಅಂತ ಅವರ ಟೋಕನ್ನನ್ನೇ ಬಹುಮಾನ ಕೊಡ್ತಾರೆ.

ಮೆಣಸಿನ_ಬಳ್ಳಿ

ಅಂದ್ರೆ ಅವರೇ ಅಚ್ಚು ಹಾಕಿದ್ದನ್ನ ಅವರೇ ಕೊಡ್ತಾರೆ. ಆಯ್ತು, ಮುಂದುವರಿಸಿ.

ಸಕಲೇಶಪುರ_ಘಾಟಿ

ಆಲ್ದೂರು, "ಕಳಿಸೋದು" ಅನ್ನೋ ಲೆಕ್ಕದಲ್ಲಿ ಇದನ್ನ ನೋಡ್ಬೇಡ. ಎಥೀರಿಯಂನಲ್ಲಿರೋ ಟೋಕನ್ ಎಥೀರಿಯಂ ಬಿಟ್ಟು ಎಲ್ಲಿಗೂ ಹೋಗಲ್ಲ. ಹಳೇ ಮಾದರಿ ಬ್ರಿಡ್ಜ್‌ಗಳಲ್ಲಿ ಆಗೋದು ಇಷ್ಟೇ: ನಿನ್ನ ಟೋಕನ್ನನ್ನ ಈ ಕಡೆ ಒಂದು ಕಾಂಟ್ರಾಕ್ಟ್‌ನಲ್ಲಿ (ಚೈನ್ ಮೇಲೆ ತಾನಾಗೇ ನಡೆಯೋ ಪ್ರೋಗ್ರಾಂ) ಬೀಗ ಹಾಕಿಡ್ತಾರೆ, ಆ ಕಡೆ ಅದರ ಹೆಸರಲ್ಲಿ ಇನ್ನೊಂದು ಟೋಕನ್ ಅಚ್ಚು ಹಾಕಿ ಕೊಡ್ತಾರೆ. ಅದನ್ನ ವ್ರ್ಯಾಪ್ಡ್ ಟೋಕನ್ ಅಂತಾರೆ. ಈ ಕಡೆಯ ಬೀಗ ಮುರಿದ ದಿನ ಆ ಕಡೆಯದ್ದು ಬರೀ ಹೆಸರು.

ಹಾಗಾಗಿ ನೀನು ಕೇಳ್ಬೇಕಾಗಿರೋದು ಬೀಗದ ಕೈ ಯಾರ ಹತ್ರ ಇದೆ ಅಂತ. ಎರಡು ಚೈನ್‌ಗಳು ಒಂದನ್ನೊಂದು ನೋಡಲ್ಲ. ಎಥೀರಿಯಂನಲ್ಲಿ ಹಣ ಬಂತು ಅಂತ ಆ ಕಡೆಗೆ ಯಾರಾದ್ರೂ ಸಾಕ್ಷಿ ಹೇಳ್ಬೇಕು. ಬಹಳಷ್ಟು ಬ್ರಿಡ್ಜ್‌ಗಳಲ್ಲಿ ಆ ಸಾಕ್ಷಿ ಅಂದ್ರೆ ಬೆರಳೆಣಿಕೆಯ ಕೀಗಳು, ಅಂದ್ರೆ ಸಹಿ ಹಾಕೋಕೆ ಬೇಕಾದ ಗುಪ್ತ ಸಂಕೇತಗಳು.

ರೋನಿನ್ ಬ್ರಿಡ್ಜ್ ನೋಡು. ಆಕ್ಸಿ ಇನ್ಫಿನಿಟಿ ಗೇಮ್‌ನವರದ್ದು. ಒಂಬತ್ತು ವ್ಯಾಲಿಡೇಟರ್ (ಸಾಕ್ಷಿ ಸಹಿ ಹಾಕೋರು), ಐದು ಸಹಿ ಬಿದ್ರೆ ಹಣ ಹೊರಗೆ. ಕೇಳೋಕೆ ಚೆನ್ನಾಗಿದೆ. ಆದರೆ ನಾಲ್ಕು ಕೀ ಸ್ಕೈ ಮೇವಿಸ್ ಅನ್ನೋ ಒಂದೇ ಕಂಪನಿ ಕೈಲಿತ್ತು. ಐದನೇದು ಆಕ್ಸಿ ಡಿಎಒದು (ಗೇಮ್‌ನ ಟೋಕನ್ ಇರೋರ ಸಂಘ). 2021ರ ನವೆಂಬರ್‌ನಲ್ಲಿ ಬಳಕೆದಾರರ ನೂಕುನುಗ್ಗಲು ತಡೆಯಕ್ಕಾಗದೆ "ನಮ್ಮ ಪರವಾಗಿ ನೀವೇ ಸಹಿ ಹಾಕ್ಕೊಳ್ಳಿ" ಅಂತ ಡಿಎಒದವ್ರು ಸ್ಕೈ ಮೇವಿಸ್‌ಗೆ ಅನುಮತಿ ಕೊಟ್ಟಿದ್ರು. ಡಿಸೆಂಬರ್‌ನಲ್ಲಿ ಆ ಏರ್ಪಾಡು ನಿಂತೋಯ್ತು, ಅನುಮತಿ ಮಾತ್ರ ಹಾಗೇ ಉಳೀತು. 2022ರ ಮಾರ್ಚ್ 23ಕ್ಕೆ 1,73,600 ಈಥರ್ (ಎಥೀರಿಯಂನ ಸ್ವಂತ ಕಾಯಿನ್), ಜೊತೆಗೆ 2.55 ಕೋಟಿ ಯುಎಸ್‌ಡಿಸಿ ಹೋಯ್ತು. ಒಟ್ಟು ಸುಮಾರು 62 ಕೋಟಿ ಡಾಲರ್. ಗೊತ್ತಾಗಿದ್ದು ಯಾವಾಗ? ಮಾರ್ಚ್ 29ಕ್ಕೆ, ಅದೂ ಯಾರೋ 5,000 ಈಥರ್ ತೆಗೆಯಕ್ಕೆ ಹೋಗಿ ಬರ್ಲಿಲ್ಲ ಅಂತ ಹೇಳಿದ ಮೇಲೆ. ಆರು ದಿನ ಖಾಲಿ ತಿಜೋರಿ ಮುಂದೆ ವ್ಯಾಪಾರ ನಡೀತಾ ಇತ್ತು. ಉತ್ತರ ಕೊರಿಯಾದ ಲಾಜರಸ್ ಗುಂಪಿನ ಕೆಲಸ ಅಂತ ಆಮೇಲೆ ಎಫ್‌ಬಿಐ ಹೇಳ್ತು.

ಅದೇ ವರ್ಷ ಜೂನ್‌ನಲ್ಲಿ ಹಾರ್ಮನಿಯ ಹೊರೈಜನ್ ಬ್ರಿಡ್ಜ್‌ನಿಂದ ಸುಮಾರು 10 ಕೋಟಿ ಡಾಲರ್ ಹೋಯ್ತು. ಅಲ್ಲಿ ಐದರಲ್ಲಿ ಎರಡೇ ಸಹಿ ಸಾಕಿತ್ತು.

ಆಲ್ದೂರು_ಹುಡುಗ

ಅಣ್ಣ, ಆಡಿಟ್ ಮಾಡಿದವರು ಇದನ್ನೆಲ್ಲ ನೋಡಲ್ವಾ?

ಸಕಲೇಶಪುರ_ಘಾಟಿ

ಆಡಿಟರ್ ನೋಡೋದು ಅವತ್ತಿನ ದಿನ ಅವರ ಮುಂದಿಟ್ಟ ಕೋಡ್‌ನ. ಕೀ ಯಾರ ಲ್ಯಾಪ್‌ಟಾಪ್‌ನಲ್ಲಿದೆ, ಮುಂದಿನ ತಿಂಗಳು ಯಾರು ಏನು ಅಪ್‌ಗ್ರೇಡ್ ಮಾಡ್ತಾರೆ ಅನ್ನೋದು ಆ ವರದಿಯಲ್ಲಿ ಇರಲ್ಲ.

ನೋಮ್ಯಾಡ್ ಕೂಡ ಆಡಿಟ್ ಆಗಿದ್ದ ಬ್ರಿಡ್ಜೇ. ಒಂದು ಅಪ್‌ಗ್ರೇಡ್ ಮಾಡುವಾಗ "ನಂಬಬಹುದಾದ ಬೇರು" (ಸಂದೇಶ ಅಸಲಿಯಾ ಅಂತ ತಾಳೆ ನೋಡೋ ಗುರುತು) ಅನ್ನೋ ಜಾಗಕ್ಕೆ ಸೊನ್ನೆ ಕೂತ್ಕೊಂಡ್ತು. ಪರಿಶೀಲನೆ ಆಗದೇ ಇರೋ ಸಂದೇಶದ ಬೇರೂ ಸೊನ್ನೆಯೇ. ಅಲ್ಲಿಗೆ ಎಲ್ಲ ಸಂದೇಶವೂ ನಂಬಿಕಸ್ಥ ಆಯ್ತು! 2022ರ ಆಗಸ್ಟ್ 1ಕ್ಕೆ ಒಬ್ಬ ಅದನ್ನ ಕಂಡುಹಿಡಿದು ಹಣ ತೆಗೆದ. ಅವನ ಟ್ರಾನ್ಸಾಕ್ಷನ್ ಚೈನ್ ಮೇಲೆ ಎಲ್ಲರಿಗೂ ಕಾಣ್ತಿತ್ತು. ಅದನ್ನೇ ನಕಲು ಮಾಡಿ, ವಿಳಾಸದ ಜಾಗಕ್ಕೆ ತಮ್ಮ ವಿಳಾಸ ಹಾಕಿ ನೂರಾರು ವ್ಯಾಲೆಟ್‌ಗಳು ಬಂದು ಬಾಚ್ಕೊಂಡವು. ಕೋಡ್ ಬರೆಯೋಕೆ ಬರದವರೂ ಕಳ್ಳತನ ಮಾಡಬಹುದಾಗಿದ್ದ ದಿನ ಅದು. ಸುಮಾರು 19 ಕೋಟಿ ಡಾಲರ್. ಕೆಲವರು ವಾಪಸ್ ಕೊಟ್ರು ಅನ್ನಿ.

ಕೊಪ್ಪದ_ಕಡ್ಡಿ

ವಾಪಸ್ ಕೊಟ್ಟವರ ಕಥೆ ಅಂದ್ರೆ ಪಾಲಿ ನೆಟ್‌ವರ್ಕ್‌ದು ಮಾರಾಯ್ರೆ. 2021ರ ಆಗಸ್ಟ್‌ನಲ್ಲಿ 61 ಕೋಟಿ ಡಾಲರ್ ಎತ್ಕೊಂಡು ಹೋದವನು ಹೆಚ್ಚುಕಮ್ಮಿ ಅಷ್ಟನ್ನೂ ತಂದು ಇಟ್ಟ. ಕಂಪನಿಯವರು ಅವನನ್ನ "ಮಿಸ್ಟರ್ ವೈಟ್ ಹ್ಯಾಟ್" ಅಂತ ಕರೆದು ಭದ್ರತಾ ಸಲಹೆಗಾರನ ಕೆಲಸ ಕೊಡ್ತೀವಿ ಅಂದ್ರು! ಅಡಿಕೆ ಕದ್ದವನನ್ನ ನಮ್ಮೂರಲ್ಲಿ ಯಾರೂ ಹೀಗೆ ಮಾತಾಡಿಸಿದ್ದು ಕೇಳಿಲ್ಲ.

ಹಾಸನ್_ಚೈನ್

ಎಲ್ಲಾ ಹೆದರಿಸೋ ಕಥೆನೇ ಹೇಳ್ತೀರಲ್ಲ. ವರ್ಮ್‌ಹೋಲ್ ಬ್ರಿಡ್ಜ್‌ದು ಹೇಳಿ. 2022ರ ಫೆಬ್ರವರಿಲಿ 1,20,000 ಈಥರ್ ಹೋಯ್ತು, ಮಾರನೇ ದಿನವೇ ಅದರ ಹಿಂದಿದ್ದ ಜಂಪ್ ಕ್ರಿಪ್ಟೋ ಕಂಪನಿಯವರು ಅಷ್ಟನ್ನೂ ತುಂಬಿದ್ರು. ರೋನಿನ್‌ನವರೂ ಹೂಡಿಕೆ ಎತ್ತಿ ಬಳಕೆದಾರರಿಗೆ ಕೊಟ್ರು, ಜೂನ್‌ನಲ್ಲಿ ಬ್ರಿಡ್ಜ್ ಮತ್ತೆ ಓಪನ್ ಆಯ್ತು. ಕೊನೆಗೆ ಯಾರಿಗೆ ನಷ್ಟ ಆಯ್ತು?

ಸಕಲೇಶಪುರ_ಘಾಟಿ

ಸರಿ, ಅವೆರಡಕ್ಕೂ ಹಿಂದೆ ದುಡ್ಡಿರೋರು ಇದ್ರು. ಮಲ್ಟಿಚೈನ್ ಅನ್ನೋ ಬ್ರಿಡ್ಜ್‌ಗೆ ಯಾರಿದ್ರು?

2023ರ ಮೇನಲ್ಲಿ ಅದರ ಸಿಇಒನ ಚೀನಾ ಪೊಲೀಸರು ಮನೆಯಿಂದ ಕರ್ಕೊಂಡು ಹೋದ್ರು. ಕೀಗಳನ್ನ ಹಲವು ಕಡೆ ಹಂಚಿಟ್ಟಿದ್ದೀವಿ, ಯಾರೊಬ್ಬರ ಕೈಲೂ ಇಲ್ಲ ಅನ್ನೋದು ಅವರ ಪ್ರಚಾರ. ನಿಜ ಏನು ಅಂದ್ರೆ ಆ ಸರ್ವರ್‌ಗಳೆಲ್ಲ ಅವನ ಖಾತೆಯಲ್ಲೇ ಓಡ್ತಿದ್ವು. ಜುಲೈ ಮೊದಲ ವಾರ ಸುಮಾರು 12.5 ಕೋಟಿ ಡಾಲರ್ ಹೊರಗೆ ಹರೀತು, ಜುಲೈ 14ಕ್ಕೆ ಬಾಗಿಲು ಹಾಕ್ತೀವಿ ಅಂದ್ರು. ಫ್ಯಾಂಟಮ್ ಚೈನ್‌ನಲ್ಲಿ ಜನ "ಯುಎಸ್‌ಡಿಸಿ" ಅಂತ ಇಟ್ಕೊಂಡಿದ್ದದ್ದು ಬಹುಪಾಲು ಮಲ್ಟಿಚೈನ್ ಅಚ್ಚು ಹಾಕಿದ್ದೇ. ಅದರ ಬೆಲೆ ಡಾಲರ್‌ನಿಂದ ಪಾತಾಳಕ್ಕೆ. ಆ ಜನ ಅವತ್ತು ಬ್ರಿಡ್ಜ್ ಬಳಸಿರ್ಲೂ ಇಲ್ಲ ನೋಡು, ಎಷ್ಟೋ ತಿಂಗಳ ಹಿಂದೆ ಬಂದು ನೆಮ್ಮದಿಯಾಗಿ ಪೂಲ್‌ನಲ್ಲಿ ಇಟ್ಟಿದ್ರು, ಅಷ್ಟೇ.

ಹಾಸನ್, ನೀನು ಅನ್ನೋ "ಏನೂ ಆಗಿಲ್ಲ" ಅನ್ನೋದು ದಾಟೋ ಹತ್ತು ನಿಮಿಷದ ಮಾತು. ಆಲ್ದೂರು ಹುಡುಗ ಆ ಕಡೆ ವರ್ಷಗಟ್ಲೆ ಇಡ್ತೀನಿ ಅಂತಿದ್ದಾನೆ. ಅಷ್ಟೂ ದಿನ ಅವನು ಬ್ರಿಡ್ಜ್ ಮೇಲೇ ನಿಂತಿರ್ತಾನೆ.

ಮೆಣಸಿನ_ಬಳ್ಳಿ

ಈಗ ಅರ್ಥ ಆಯ್ತು. ಇದು ನಾವು ಕಾಫಿ ಡಿಪಾಸಿಟ್ ಇಡ್ತೀವಲ್ಲ, ಅದೇ. ರೇಟ್ ಬಂದಾಗ ಮಾರ್ತೀನಿ ಅಂತ ವ್ಯಾಪಾರಿ ಗೋಡೌನ್‌ಗೆ ಚೆರ್ರಿ ಹಾಕಿ ಚೀಟಿ ಇಸ್ಕೊಂಡು ಬರ್ತೀವಿ. ಅವನು ನಮ್ಮ ಕಾಫಿ ಮಾರ್ಕೊಂಡು ಬಿಟ್ರೆ ಚೀಟಿ ಇಟ್ಕೊಂಡು ಏನ್ ಮಾಡೋದು?

ಸಕಲೇಶಪುರ_ಘಾಟಿ

ಬಹುಮಟ್ಟಿಗೆ ಅದೇ ಸರ್. ಒಂದು ಕಡೆ ಮಾತ್ರ ಹೋಲಿಕೆ ಕೈ ಕೊಡುತ್ತೆ. ನಿಮ್ಮ ಚೀಟಿ ನಿಮ್ಮ ಜೇಬಲ್ಲೇ ಇರುತ್ತೆ, ವ್ಯಾಪಾರಿ ಮುಳುಗಿದ್ರೆ ನಿಮಗೆ ನಷ್ಟ. ಇಲ್ಲಿ ಆ ಚೀಟಿಯನ್ನೇ ಅಡ ಇಟ್ಟು ಸಾಲ ತಗೋತಾರೆ, ಆ ಸಾಲದಲ್ಲಿ ಇನ್ನೊಂದು ಟೋಕನ್ ಕೊಳ್ತಾರೆ. ಕಾಫಿ ಇಟ್ಟವನಷ್ಟೇ ಅಲ್ಲ, ಚೀಟಿ ಮುಟ್ಟಿದವರೆಲ್ಲ ಒಟ್ಟಿಗೆ ಮುಳುಗ್ತಾರೆ.

ಎಥೀರಿಯಂ ಶುರು ಮಾಡಿದ ವಿಟಾಲಿಕ್ ಬುಟೆರಿನ್ 2022ರ ಜನವರಿಯಲ್ಲೇ ಇದರ ಬಗ್ಗೆ ಬರೆದಿದ್ದ. ಹಲವು ಚೈನ್‌ಗಳಿರೋ ಭವಿಷ್ಯದ ಬಗ್ಗೆ ನಂಬಿಕೆ ಇದೆ, ಚೈನ್ ದಾಟಿಸೋ ಆಪ್‌ಗಳ ಬಗ್ಗೆ ಇಲ್ಲ ಅಂತ. ಅವನ ವಾದ ಕೀ ಕಳವಿಗಿಂತಲೂ ಆಳದ್ದು. ಒಂದು ಚೈನ್ ಮೇಲೇ 51% ದಾಳಿ ಆಯ್ತು, ಅಂದ್ರೆ ಅದನ್ನ ನಡೆಸೋ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ದಾಳಿಕೋರನ ಕೈ ಸೇರ್ತು ಅನ್ಕೊಳ್ಳಿ. ದಾಳಿಕೋರ ಬ್ರಿಡ್ಜ್‌ಗೆ ಹಣ ಹಾಕಿ ಆ ಕಡೆ ವ್ರ್ಯಾಪ್ಡ್ ಟೋಕನ್ ಇಸ್ಕೊಂಡು, ಆಮೇಲೆ ಈ ಕಡೆಯ ಇತಿಹಾಸವನ್ನೇ ಹಿಂದಕ್ಕೆ ತಿರುಗಿಸ್ತಾನೆ. ಹಾಕಿದ್ದ ಹಣ ಅವನಿಗೇ ವಾಪಸ್, ಆ ಕಡೆಯ ಟೋಕನ್ ಕೂಡ ಅವನದ್ದೇ. ಉಳಿದವರ ಟೋಕನ್‌ಗೆ ಪೂರ್ತಿ ಆಧಾರ ಇರಲ್ಲ. ಕೋಡ್‌ನಲ್ಲಿ ಒಂದು ತಪ್ಪೂ ಇಲ್ಲದೇ ಹೀಗಾಗಬಹುದು.

ಹಾಸನ್_ಚೈನ್

ಒಪ್ಪಿದೆ. ಆದ್ರೆ ಈಗೀಗ ಲಿಕ್ವಿಡಿಟಿ ಪೂಲ್ ಬ್ರಿಡ್ಜ್‌ಗಳಿವೆ. ಅಲ್ಲಿ ಚೀಟಿ ಗೀಟಿ ಇಲ್ಲ. ಈ ಕಡೆ ಹಾಕ್ತೀಯ, ಆ ಕಡೆ ಮೊದಲೇ ಇಟ್ಟಿರೋ ಅಸಲಿ ಟೋಕನ್‌ನಿಂದ ತೆಗೆದು ಕೊಡ್ತಾರೆ. ಸೆಕೆಂಡ್‌ಗಳಲ್ಲಿ ಕೆಲಸ ಮುಗೀತು.

ಸಕಲೇಶಪುರ_ಘಾಟಿ

ಹೌದು, ನಾನೂ ಬಳಸೋದು ಅದನ್ನೇ. ಆಪ್ಟಿಮಿಸ್ಟಿಕ್ ರೋಲಪ್‌ಗಳಿಂದ (ಎಥೀರಿಯಂಗೆ ಆತುಕೊಂಡು ನಡೆಯೋ ಒಂದು ಬಗೆಯ ಚೈನ್‌ಗಳು) ಎಥೀರಿಯಂಗೆ ಅಧಿಕೃತ ದಾರಿಯಲ್ಲಿ ವಾಪಸ್ ಬರೋಕೆ ಸುಮಾರು ಏಳು ದಿನ ಬೇಕು. ಅಷ್ಟು ದಿನ ಕಾಯೋ ಕಷ್ಟವನ್ನ ಬೇರೆ ಯಾರೋ ತಗೊಂಡು, ನಮಗೆ ತಕ್ಷಣ ಹಣ ಕೊಟ್ಟು, ಅದಕ್ಕೆ ಫೀಸ್ ಇಸ್ಕೋತಾರೆ. ನ್ಯಾಯವಾದ ವ್ಯಾಪಾರ.

ಆದರೆ ಅಲ್ಲಿ ಕೇಳ್ಬೇಕಾದ್ದು ಬೇರೆ: ಆ ಕಡೆ ಕೊಡೋಕೆ ದುಡ್ಡಿದೆಯಾ? ಎಲ್ಲರೂ ಒಂದೇ ದಿಕ್ಕಿಗೆ ಓಡುವಾಗ ಆ ಕಡೆಯ ಪೂಲ್ ಬತ್ತುತ್ತೆ. ಹೊಸ ಚೈನ್‌ಗೆ ಹೋಗೋ ಗಿರಾಕಿಗಳು ಬರೋವಾಗ ಒಬ್ಬೊಬ್ರೇ ಬರ್ತಾರೆ, ಹೋಗೋವಾಗ ಎಲ್ಲ ಒಟ್ಟಿಗೆ ಹೊರಡ್ತಾರೆ, ಆ 18% ಬಹುಮಾನ ನಿಂತ ದಿನ. ಬ್ರಿಡ್ಜ್ ಹ್ಯಾಕ್ ಆಗಿರಲ್ಲ, ಕೋಡ್ ಸರಿಯಾಗಿರುತ್ತೆ, ನಿನ್ನ ಹಣ ಮಾತ್ರ ಬರಲ್ಲ.

ವ್ರ್ಯಾಪ್ಡ್ ಟೋಕನ್ನನ್ನ ಅಸಲಿಗೆ ಬದಲಾಯಿಸೋ ಪೂಲ್‌ನಲ್ಲೂ ಇದೇ ಕಥೆ. ಲೆಕ್ಕ ಹಾಕಿ ನೋಡು. ಪೂಲ್‌ನಲ್ಲಿ ಎರಡೂ ಕಡೆ ಒಂದೊಂದು ಲಕ್ಷ ಇದೆ ಅನ್ಕೋ. ಸಾದಾ ಸೂತ್ರದ ಪೂಲ್ ಆದ್ರೆ ಎರಡರ ಗುಣಲಬ್ಧ ಬದಲಾಗಬಾರದು. ಹತ್ತು ಸಾವಿರ ಹಾಕಿದ್ರೆ ಆ ಕಡೆಯಿಂದ ಬರೋದು 9,090, ಫೀಸ್ ಬಿಟ್ಟು. ಐವತ್ತು ಸಾವಿರ ಹಾಕಿದ್ರೆ ಬರೋದು 33,333. ಯುಎಸ್‌ಡಿಸಿಯಂಥ ಸ್ಟೇಬಲ್‌ಕಾಯಿನ್‌ಗಳಿಗೆ ಅಂತ ಮಾಡಿರೋ ಪೂಲ್‌ಗಳು ಇಷ್ಟು ಕೆಟ್ಟದಾಗಿರಲ್ಲ, ಎರಡೂ ಕಡೆ ಸಮ ಇರೋವರೆಗೆ ಹತ್ರತ್ರ ಒಂದಕ್ಕೊಂದು ಕೊಡ್ತವೆ. ಒಂದು ಕಡೆ ಬರಿದಾಗ್ತಾ ಬಂತು ಅಂದ್ರೆ ಬೆಲೆ ನಿಧಾನಕ್ಕೆ ಇಳಿಯಲ್ಲ, ದಬಕ್ಕನೆ ಬೀಳುತ್ತೆ. ಸುದ್ದಿ ಕೆಟ್ಟದಿರೋ ದಿನವೇ ಪೂಲ್ ಕೆಟ್ಟ ಟೋಕನ್‌ನಿಂದ ತುಂಬಿರುತ್ತೆ.

ಆಲ್ದೂರು_ಹುಡುಗ

ಹಾಗಾದ್ರೆ ಪೂಲೂ ಇಲ್ಲದ, ಚೀಟಿಯೂ ಇಲ್ಲದ ದಾರಿ ಯಾವುದೂ ಇಲ್ವಾ ಅಣ್ಣ?

ಸಕಲೇಶಪುರ_ಘಾಟಿ

ಯುಎಸ್‌ಡಿಸಿಗೆ ಇದೆ. ಅದನ್ನ ಹೊರಡಿಸೋ ಸರ್ಕಲ್ ಕಂಪನಿ 2023ರ ಏಪ್ರಿಲ್‌ನಲ್ಲಿ ಸಿಸಿಟಿಪಿ ಅಂತ ತಂತು. ಈ ಕಡೆ ಟೋಕನ್ ಸುಟ್ಟು ಹಾಕ್ತಾರೆ, ಆ ಕಡೆ ಅಷ್ಟೇ ಹೊಸದಾಗಿ ಅಚ್ಚಾಗುತ್ತೆ. ಎರಡೂ ಅಸಲಿ ಯುಎಸ್‌ಡಿಸಿ. ಕದಿಯೋಕೆ ಬೀಗ ಹಾಕಿಟ್ಟ ರಾಶಿ ಇರಲ್ಲ, ಬತ್ತೋಕೆ ಪೂಲ್ ಇರಲ್ಲ. ನಂಬಬೇಕಾಗಿರೋದು ಸರ್ಕಲ್‌ನ. ಯುಎಸ್‌ಡಿಸಿ ಇಟ್ಕೊಂಡ ಕ್ಷಣದಿಂದ ಅವರನ್ನ ಹೇಗೂ ನಂಬಿದೀಯ.

ತೊಡಕು ಒಂದೇ. ಸರ್ಕಲ್ ಬೆಂಬಲ ಕೊಟ್ಟಿರೋ ಚೈನ್‌ಗಳ ನಡುವೆ ಮಾತ್ರ ಇದು ನಡೆಯುತ್ತೆ. ನಿನ್ನ 18% ಚೈನ್ ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡು. ಇಲ್ಲ ಅಂದ್ರೆ ಅಲ್ಲಿ ಕಾಣೋ "ಯುಎಸ್‌ಡಿಸಿ" ಯಾರೋ ಅಚ್ಚು ಹಾಕಿದ್ದೇ.

ಕೊಪ್ಪದ_ಕಡ್ಡಿ

ಸರ್ಕಲ್ ಅಂದ್ರೆ ದೇವರಲ್ಲ ಮಾರಾಯ್ರೆ. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಅವರ 330 ಕೋಟಿ ಡಾಲರ್ ಅಲ್ಲಿ ಸಿಕ್ಕಾಕೊಂಡು ಯುಎಸ್‌ಡಿಸಿ 90 ಸೆಂಟ್‌ಗಿಂತ ಕೆಳಗೆ ಹೋಗಿತ್ತು.

ಸಕಲೇಶಪುರ_ಘಾಟಿ

ಹೋಗಿತ್ತು, ಕೆಲವೇ ದಿನದಲ್ಲಿ ವಾಪಸ್ಸೂ ಬಂತು. ಆ ಅಪಾಯ ಎಲ್ಲ ಯುಎಸ್‌ಡಿಸಿಗೂ ಇದೆ. ಅದರ ಮೇಲೆ ಇನ್ನೊಬ್ಬರ ಅಪಾಯ ಹೇರ್ಕೋಬೇಕಾ ಅನ್ನೋದು ಪ್ರಶ್ನೆ.

ಲೆಕ್ಕದ_ಅಕ್ಕ

ಹಾಸನದಲ್ಲಿ ಲೆಕ್ಕಪತ್ರದ ಕೆಲಸ ಮಾಡ್ತೀನಿ, ತೆರಿಗೆ ಬಗ್ಗೆ ಯಾರೂ ಮಾತಾಡ್ಲಿಲ್ಲ ಅಂತ ಬಂದೆ.

ಪೇಮೆಂಟ್ ಬಂದ ದಿನದ ರೂಪಾಯಿ ಬೆಲೆ ನಿಮ್ಮ ಆದಾಯ. ಅದು ಒಂದು. ಆಮೇಲೆ ಒಂದು ಕ್ರಿಪ್ಟೋ ಕೊಟ್ಟು ಇನ್ನೊಂದು ಕ್ರಿಪ್ಟೋ ತಗೊಂಡ್ರೆ ಅದೂ ವರ್ಗಾವಣೆಯೇ. 2022ರ ಏಪ್ರಿಲ್‌ನಿಂದ ಲಾಭಕ್ಕೆ 30%, ಜುಲೈನಿಂದ 1% ಟಿಡಿಎಸ್. ಪೂಲ್‌ನಲ್ಲಿ ವ್ರ್ಯಾಪ್ಡ್ ಕೊಟ್ಟು ಅಸಲಿ ತಗೋಳೋದು, ಬಹುಮಾನದ ಟೋಕನ್ ಮಾರೋದು, ಪ್ರತಿಯೊಂದಕ್ಕೂ ಎಂಟ್ರಿ ಬೇಕು. ವರ್ಷದ ಕೊನೆಗೆ ನನ್ನ ಹತ್ರ ಬರೋ ಹುಡುಗರು ವ್ಯಾಲೆಟ್ ವಿಳಾಸ ಒಂದನ್ನ ಕೊಟ್ಟು "ಅಕ್ಕಾ, ಎಲ್ಲಾ ಇದ್ರಲ್ಲೇ ಇದೆ" ಅಂತಾರೆ. ನಾನು ಕೂತು ಏನಂತ ಹುಡುಕ್ಲಿ?

ಮುಖ್ಯವಾದದ್ದು ಇದು. ಒಂದರಲ್ಲಾದ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋಕೆ ಬಿಡಲ್ಲ, ಮುಂದಿನ ವರ್ಷಕ್ಕೂ ಒಯ್ಯೋಕಾಗಲ್ಲ. ಆ ಪೂಲ್‌ನಲ್ಲಿ 18% ಬಂದ್ರೆ ತೆರಿಗೆ ಕಟ್ತೀರಿ, ಬ್ರಿಡ್ಜ್ ಮುಳುಗಿ ಅಸಲೇ ಹೋದ್ರೆ ಆ ನಷ್ಟ ಪೂರ್ತಿ ನಿಮ್ಮದೇ. ಕ್ಲೈಂಟ್ ಕೊಟ್ಟ ದುಡ್ಡಿನ ಮೇಲಿನ ತೆರಿಗೆಯನ್ನ ಮಾತ್ರ ಆಗಲೂ ಕಟ್ಟಲೇಬೇಕು.

ಆಲ್ದೂರು_ಹುಡುಗ

ಅಕ್ಕ, ಈ ಕೊನೇ ಸಾಲು ನಾನು ಯೋಚನೆ ಮಾಡಿರಲೇ ಇಲ್ಲ.

ಸರಿ, ಈಗ ಎಲ್ಲಿಗೆ ಬಂದೆ ಹೇಳ್ತೀನಿ. ಸಿಸಿಟಿಪಿ ಪಟ್ಟಿ ನೋಡಿದೆ, ಆ ಚೈನ್ ಇಲ್ಲ. ಆದರೂ ನೋಡೋಣ ಅಂತ ಚೈನ್‌ನವರ ಬ್ರಿಡ್ಜ್‌ನಲ್ಲಿ ಐವತ್ತು ಡಾಲರ್ ಮಾತ್ರ ಕಳಿಸಿದೆ. ವ್ಯಾಲೆಟ್‌ನಲ್ಲಿ ಮೊದಲು ನನ್ನ ಯುಎಸ್‌ಡಿಸಿ ತಗೊಳ್ಳೋಕೆ ಬ್ರಿಡ್ಜ್‌ಗೆ ಅನುಮತಿ ಕೇಳ್ತು, ಮೊತ್ತದ ಜಾಗದಲ್ಲಿ "ಅನಿಯಮಿತ" ಅಂತಿತ್ತು, ಒತ್ತಿಬಿಟ್ಟೆ. ಆಮೇಲೆ ಆ ಕಡೆ ಹೋಗಿ ನಾವೇ "ಕ್ಲೇಮ್" ಒತ್ಬೇಕಂತೆ, ಅದಕ್ಕೆ ಆ ಚೈನ್‌ನ ಕಾಯಿನ್ ಗ್ಯಾಸ್‌ಗೆ (ಟ್ರಾನ್ಸಾಕ್ಷನ್ ಶುಲ್ಕ) ಬೇಕಂತೆ. ನನ್ನ ಹತ್ರ ಇಲ್ಲ. ಟೆಲಿಗ್ರಾಂ ಗುಂಪಿನಲ್ಲಿ ಕೇಳಿದ ಒಂದು ನಿಮಿಷಕ್ಕೆ "ಸಪೋರ್ಟ್ ಟೀಮ್" ಅಂತ ಒಬ್ರು ಮೆಸೇಜ್ ಮಾಡಿದಾರೆ, ವ್ಯಾಲೆಟ್ ಸಿಂಕ್ ಮಾಡೋಕೆ ಅದರ ಗುಪ್ತ 12 ಪದ ಹಾಕಿ ಅಂತಿದಾರೆ.

ಹಾಸನ್_ಚೈನ್

ಗುರು ಹಾಕ್ಬೇಡ!! ಬ್ಲಾಕ್ ಮಾಡು ಅವನನ್ನ. ಆ ಪದ ಕೇಳೋನು ಯಾವನೇ ಆಗ್ಲಿ ಕಳ್ಳನೇ. ಐವತ್ತು ಡಾಲರ್ ಎಲ್ಲೂ ಹೋಗಿರಲ್ಲ, ಕ್ಲೇಮ್ ಮಾಡೋವರೆಗೂ ಅಲ್ಲೇ ಇರುತ್ತೆ. ನಿನ್ನ ಆ ಕಡೆಯ ವಿಳಾಸ ಮೆಸೇಜ್ ಮಾಡು, ಗ್ಯಾಸ್‌ಗೆ ಬೇಕಾದಷ್ಟು ಕಾಯಿನ್ ನಾನು ಕಳಿಸ್ತೀನಿ. ವಿಳಾಸ ಮಾತ್ರ, ಬೇರೇನೂ ಬೇಡ.

ಲೆಕ್ಕದ_ಅಕ್ಕ

ಅಕಸ್ಮಾತ್ ಪದ ಕೊಟ್ಟಿದ್ರೆ ಈಗಲೇ ಹೊಸ ವ್ಯಾಲೆಟ್ ಮಾಡಿ ಉಳಿದದ್ದನ್ನ ಅದಕ್ಕೆ ಸಾಗಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಠಾಣೆಗೆ ಹೋಗೋದು ಆಮೇಲೆ.

ಆಲ್ದೂರು_ಹುಡುಗ

ಕೊಟ್ಟಿಲ್ಲ ಅಕ್ಕ. ಬ್ಲಾಕ್ ಮಾಡಿದೆ. ಹಾಸನ್ ಅಣ್ಣ ಕಳಿಸಿದ್ದು ಬಂತು, ಕ್ಲೇಮ್ ಆಯ್ತು, ಥ್ಯಾಂಕ್ಸ್. ವ್ಯಾಲೆಟ್‌ನಲ್ಲಿ ಯುಎಸ್‌ಡಿಸಿ ಅಂತಲೇ ತೋರಿಸ್ತಿದೆ, ಆದ್ರೆ ಸರ್ಕಲ್ ಕೊಟ್ಟಿರೋ ಯಾವ ಕಾಂಟ್ರಾಕ್ಟ್ ವಿಳಾಸಕ್ಕೂ ಹೊಂದಲ್ಲ. ಲೋಗೋ ಮಾತ್ರ ಅದೇ.

ವಾಪಸ್ ಬರೋ ದಾರಿ ಹೇಗಿದೆ ಅಂತ ಆ ಬೇರೆಯವರ ಬ್ರಿಡ್ಜ್‌ನಲ್ಲಿ ಸಹಿ ಹಾಕದೆ ಬರೀ ರೇಟ್ ನೋಡಿದೆ. 50 ಹಾಕಿದ್ರೆ ಹತ್ರತ್ರ 50 ಬರುತ್ತೆ. 4,000 ಅಂತ ಹಾಕಿದ ತಕ್ಷಣ "ಕನಿಷ್ಠ ಸಿಗುವ ಮೊತ್ತ" ಅನ್ನೋ ಸಾಲು ಕೆಂಪಾಯ್ತು. ಮುನ್ನೂರಕ್ಕೂ ಹೆಚ್ಚು ಕಟ್.

ಸಕಲೇಶಪುರ_ಘಾಟಿ

ಏನೂ ಗಲಾಟೆ ಇಲ್ಲದ ದಿನ ಆ ಬಾಗಿಲು ಇಷ್ಟು ಕಿರಿದು. ಜನ ನೂಕಾಡೋ ದಿನ ಹೇಗಿರುತ್ತೆ ಅಂತ ನೀನೇ ಅಂದಾಜು ಮಾಡ್ಕೋ. 18%ರಲ್ಲಿ ಸುಮಾರು ಅರ್ಧ ಹೊರಗೆ ಬರೋದಕ್ಕೇ ಹೋಗುತ್ತೆ, ಉಳಿದದ್ದಕ್ಕೆ ಅಕ್ಕ ಹೇಳಿದ ತೆರಿಗೆ. ಐವತ್ತನ್ನ ವಾಪಸ್ ತರೋಕೂ ಗ್ಯಾಸ್ ಖರ್ಚಿದೆ, ಬೇಕಿದ್ರೆ ಅಲ್ಲೇ ಬಿಡು.

ಅದಕ್ಕಿಂತ ಮುಂಚೆ ಆ ಅನಿಯಮಿತ ಅನುಮತಿ ತೆಗಿ. ಬ್ರಿಡ್ಜ್ ಕಾಂಟ್ರಾಕ್ಟ್ ನಾಳೆ ಕೆಟ್ಟರೆ ಅದಕ್ಕೆ ಹಾಕಿದ ಐವತ್ತಷ್ಟೇ ಅಲ್ಲ, ಎಥೀರಿಯಂ ವ್ಯಾಲೆಟ್‌ನಲ್ಲಿ ಮುಟ್ಟದೇ ಇಟ್ಟಿರೋ ಯುಎಸ್‌ಡಿಸಿಯನ್ನೂ ಎಳ್ಕೋಬಹುದು. 2024ರಲ್ಲಿ ಸಾಕೆಟ್, ಲೈಫೈ ಅನ್ನೋ ಬ್ರಿಡ್ಜ್ ಸೇವೆಗಳೆರಡರಲ್ಲೂ ಹೋಗಿದ್ದು ಹೀಗೆ ಅನುಮತಿ ಕೊಟ್ಟು ಮರೆತಿದ್ದವರ ದುಡ್ಡೇ. ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲೇ (ಚೈನ್‌ನ ದಾಖಲೆ ನೋಡೋ ವೆಬ್‌ಸೈಟ್) ಟೋಕನ್ ಅನುಮತಿ ನೋಡೋ ಪುಟ ಇರುತ್ತೆ, ವಿಳಾಸ ಕೈಯಾರೆ ಟೈಪ್ ಮಾಡಿ ಹೋಗು, ಹುಡುಕಾಟದಲ್ಲಿ ಮೊದಲು ಬರೋ ಜಾಹೀರಾತು ಒತ್ಬೇಡ. ಸ್ವಲ್ಪ ಗ್ಯಾಸ್ ಖರ್ಚಾಗುತ್ತೆ.

ಆಲ್ದೂರು_ಹುಡುಗ

ತೆಗೆದೆ. ಮಿತಿ ಸೊನ್ನೆ ಅಂತ ತೋರಿಸ್ತಿದೆ. ಉಳಿದದ್ದು ಎಥೀರಿಯಂನಲ್ಲೇ ಇರ್ಲಿ.

ಹಾಸನ್_ಚೈನ್

ನಾನಂತೂ ನನ್ನದನ್ನ ತೆಗೆಯಲ್ಲ, ಹೇಳ್ಬಿಡ್ತೀನಿ. ಎಷ್ಟು ಹೋದ್ರೂ ಪರ್ವಾಗಿಲ್ಲ ಅನ್ನೋವಷ್ಟೇ ಇಟ್ಟಿದೀನಿ. ಆದ್ರೆ ಘಾಟಿ ಅವರೇ, ದಿನಾ ಏನ್ ನೋಡ್ಬೇಕು ಹೇಳಿ. ಬೆಲೆ ನೋಡ್ತಿದ್ರೆ ಸಾಕಾ?

ಸಕಲೇಶಪುರ_ಘಾಟಿ

ಬೆಲೆ ಕೊನೆಗೆ ಅಲುಗಾಡೋದು. ಅದಕ್ಕಿಂತ ಮುಂಚೆ ಎಥೀರಿಯಂ ಕಡೆಯ ಬೀಗದ ಕಾಂಟ್ರಾಕ್ಟ್‌ನಲ್ಲಿ ಎಷ್ಟಿದೆ, ಆ ಕಡೆ ಎಷ್ಟು ಅಚ್ಚಾಗಿದೆ ಅಂತ ತಾಳೆ ನೋಡು. ಎರಡೂ ಚೈನ್ ಮೇಲೆ ಬಹಿರಂಗವಾಗೇ ಇರುತ್ತೆ, ರೋನಿನ್‌ನಲ್ಲಿ ಆರು ದಿನ ಯಾರೂ ನೋಡಿರಲಿಲ್ಲ ಅಷ್ಟೇ. ಪೂಲ್‌ನಲ್ಲಿ ಅಸಲಿ ಟೋಕನ್‌ನ ಪಾಲು ಇಳೀತಾ ಇದ್ರೆ ಗೊತ್ತಿರೋರು ಹೊರಡ್ತಿದ್ದಾರೆ ಅಂತ ಲೆಕ್ಕ. "ನಿರ್ವಹಣೆಗಾಗಿ ವಿತ್‌ಡ್ರಾ ತಾತ್ಕಾಲಿಕ ಸ್ಥಗಿತ" ಅನ್ನೋ ಬೋರ್ಡ್ ಬಿತ್ತು ಅಂದ್ರೆ ನೋಡೋ ಕೆಲಸ ಮುಗೀತು, ಆಮೇಲೆ ನೀನು ಮಾಡೋಕೆ ಏನೂ ಉಳಿದಿರಲ್ಲ.

ಮೆಣಸಿನ_ಬಳ್ಳಿ

ಆ ತಾಳೆ ನೋಡೋದು ಹೇಗೆ ಅಂತ ಒಂದಿಷ್ಟು ಬಿಡಿಸಿ ಬರೀರಿ ಘಾಟಿಯವರೇ, ಮಗನಿಗೆ ತೋರಿಸ್ಬೇಕು. ಅವನು ಎಷ್ಟು ಇಟ್ಟಿದ್ದಾನೋ ನನಗೆ ಹೇಳ್ತಿಲ್ಲ.